ನೆಗಡಿ ಬಂತೆಂದು ಮೂಗು ಕೊಯ್ದ ಇಂಜಿನಿಯರ್

'ಇಂಜಿನಿಯರಿಂಗ್ ಓದ್ತಿದೀಯಲ್ಲ, ಇದೊಂಚೂರು ನೋಡಪ್ಪಾ...'

ರಜೆಗೆ ಊರಿಗೆ ಹೋದಾಗಲೆಲ್ಲ ಈ ಮಾತು ಕೇಳುವುದು ನನಗೆ ರೂಢಿ. ನಮ್ಮೂರು ಸೊರಬ ತಾಲ್ಲೂಕಿನ ಜಡೆ. ಅಲ್ಲಿ ಬಿಇ ಓದುವ ಹುಡುಗ ಎಂದರೆ ಟಿವಿ ರಿಮೋಟ್‌ನಿಂದ ಇನ್ವರ್ಟರ್‌ವರೆಗೆ ಎಲ್ಲವನ್ನೂ ಬಲ್ಲವನು ಎಂದೇ ಲೆಕ್ಕ. ನನಗೂ ಒಳಗೊಳಗೇ ಖುಷಿಯಾಗುತ್ತಿತ್ತು, ಕಳೆದ ಮಳೆಗಾಲದ ತನಕ.

ಅವತ್ತು ಕರೆದವರು ನಮ್ಮೂರಿನ ಒಂದು ಜೆರಾಕ್ಸ್ ಅಂಗಡಿಯ ಅಣ್ಣ. ಹಿಂದಿನ ರಾತ್ರಿ ಬಾಗಿಲು ಹಾಕುವಾಗ ಕಂಪ್ಯೂಟರ್ 'ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ' ಎಂದಿತ್ತಂತೆ. ಬೆಳಿಗ್ಗೆ ನೋಡಿದರೆ ಪ್ರಿಂಟರ್ ಮಾತೇ ಕೇಳುತ್ತಿಲ್ಲ. ಅಂಗಡಿ ಮುಂದೆ ಪಹಣಿ ಬೇಕಾದ ರೈತರು, ಸ್ಕಾಲರ್‌ಶಿಪ್ ಅರ್ಜಿ ಹಿಡಿದ ಹುಡುಗಿಯರು, ಲಗ್ನಪತ್ರಿಕೆಯ ಪ್ರೂಫ್‌ಗೆ ಕಾದವರು ನಿಂತಿದ್ದರು. ಅಷ್ಟು ಜನ ನೋಡುತ್ತಿರುವಾಗ 'ಗೊತ್ತಿಲ್ಲ' ಎನ್ನಲು ನನ್ನ ಇಪ್ಪತ್ತರ ಪ್ರಾಯ ಒಪ್ಪಲಿಲ್ಲ.

ಕೇಬಲ್ ಕಿತ್ತು ಹಾಕಿದೆ. ಪ್ರಿಂಟರ್ ಡಿಲೀಟ್ ಮಾಡಿದೆ. ಎಲ್ಲಿಂದಲೋ ಸಿಕ್ಕ ಡ್ರೈವರ್ ಇಳಿಸಿಕೊಂಡು ಹಾಕಿದೆ. ಆ್ಯಂಟಿವೈರಸ್ ತೆಗೆದೆ. ಯಾವುದನ್ನು ಯಾವಾಗ ಮಾಡಿದೆ ಎಂಬುದು ನನಗೇ ನೆನಪಿಲ್ಲದ ಹಂತಕ್ಕೆ ಬಂದಾಗ, ತಿಳಿದವನ ಗತ್ತಿನಲ್ಲಿ 'ಫಾರ್ಮ್ಯಾಟ್ ಮಾಡ್ಬೇಕು ಅಣ್ಣ' ಎಂದೆ. 'ಫೈಲ್‌ಗಳೆಲ್ಲ ಡಿ ಡ್ರೈವ್‌ನಲ್ಲಿವೆ ತಾನೆ?' ಎಂದು ಕೇಳಿದ್ದೂ ಹೌದು. ಅವರು 'ಹ್ಞೂಂ' ಎಂದರು. ಡಿ ಡ್ರೈವ್ ಎಂದರೇನು ಎಂದು ಅವರಿಗೆ ಗೊತ್ತಿರಲಿಲ್ಲ. ತೆರೆದು ನೋಡುವ ವ್ಯವಧಾನ ನನಗಿರಲಿಲ್ಲ.

ಅವರ ಆರು ವರ್ಷದ ಕೆಲಸವೆಲ್ಲ ಡೆಸ್ಕ್‌ಟಾಪ್ ಮೇಲಿತ್ತು. ನುಡಿಯಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆಗಳು, ಗೃಹಪ್ರವೇಶ, ವೈಕುಂಠ ಸಮಾರಾಧನೆಯ ಕಾರ್ಡ್‌ಗಳು, ಜಾತ್ರೆಯ ಕರಪತ್ರಗಳು. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಎರಡೂ ಸಾಮಾನ್ಯವಾಗಿ ಸಿ ಡ್ರೈವ್‌ನ ಒಳಗೇ ಇರುತ್ತವೆ. ಸಿ ಒರೆಸಿದರೆ ಅವೂ ಹೋಗುತ್ತವೆ. ಪರೀಕ್ಷೆಯಲ್ಲಿ ಕೇಳಿದ್ದರೆ ಎರಡು ಅಂಕಕ್ಕೆ ಬರೆಯುತ್ತಿದ್ದೆ. ಅಂಗಡಿಯಲ್ಲಿ ಹೊಳೆಯಲಿಲ್ಲ.

ಇನ್ನೂ ದೊಡ್ಡ ತಮಾಷೆ ಮುಂದಿತ್ತು. ಫಾರ್ಮ್ಯಾಟ್ ಆದ ಮೇಲೆ ನೆಟ್ ಸಿಕ್ಕಿದ್ದೇ ತಡ, ಸಿಸ್ಟಂ ಅದೇ ಅಪ್‌ಡೇಟನ್ನು ಮತ್ತೆ ಎಳೆದುಕೊಂಡಿತು. ಪ್ರಿಂಟರ್ ಮತ್ತೆ ಮೌನ! ಆಮೇಲೆ ಸಮಾಧಾನದಿಂದ ಕುಳಿತು ಅಪ್‌ಡೇಟ್ ಹಿಸ್ಟರಿ ತೆರೆದೆ. ಕೊನೆಯ ಸಾಲಿನಲ್ಲೇ ಹೊಸ ಪ್ರಿಂಟರ್ ಡ್ರೈವರ್‌ನ ಹೆಸರಿತ್ತು. ಅದನ್ನು ತೆಗೆದು, ತಯಾರಕರ ತಾಣದಿಂದ ಆ ಮಾಡೆಲ್‌ನದ್ದೇ ಡ್ರೈವರ್ ಹಾಕಿದೆ. ಹತ್ತು ನಿಮಿಷದ ಕೆಲಸ. ನೆಗಡಿ ಬಂತೆಂದು ಮೂಗು ಕೊಯ್ದವನು ನಾನು. ಮೂಗು ಹೋದ ಮೇಲೂ ನೆಗಡಿ ಹಾಗೇ ಇತ್ತು.

ಅಣ್ಣ ಬೈಯಲಿಲ್ಲ. 'ಇರ್ಲಿ ಬಿಡು, ಮತ್ತೆ ಟೈಪ್ ಮಾಡ್ಕೊಂತೀನಿ' ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಇದು ನನ್ನೊಬ್ಬನ ಕತೆಯಲ್ಲ ಎಂಬ ಅನುಮಾನ ನನಗಿದೆ. ಹಾಸ್ಟೆಲ್‌ಗಳಲ್ಲಿ ಲ್ಯಾಪ್‌ಟಾಪ್ ಕೊಂಚ ಕೆಮ್ಮಿದರೂ ಯಾರೋ ಒಬ್ಬ ಪೆನ್‌ಡ್ರೈವ್ ಹಿಡಿದು 'ಓಎಸ್ ಹಾಕ್ಬಿಡ್ಲಾ?' ಎಂದು ಬರುತ್ತಾನೆ. ನಾವು ಅದನ್ನೇ ಜಾಣತನ ಎಂದುಕೊಂಡಿದ್ದೇವೆ. ನಿಜವಾದ ಜಾಣತನ ಬೇರೆ ಇದೆ ಎಂದು ನನಗೆ ಮನವರಿಕೆ ಮಾಡಿಸಿದ್ದು 2024ರ ಜುಲೈ 19ರ ಘಟನೆ.

ಅವತ್ತು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಪುಟ್ಟ ಅಪ್‌ಡೇಟ್‌ನಿಂದ ಪ್ರಪಂಚದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕುಸಿದವು. ಆಸ್ಪತ್ರೆ, ಬ್ಯಾಂಕ್, ವಿಮಾನಯಾನ ಎಲ್ಲ ತತ್ತರಿಸಿದವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್‌ಗೆ ತೊಂದರೆಯಾಯಿತು, ದೇಶದಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ನಮ್ಮ ಸಮಯದಲ್ಲಿ ಹೇಳುವುದಾದರೆ ಬೆಳಿಗ್ಗೆ 9.39ಕ್ಕೆ ಆ ಅಪ್‌ಡೇಟ್ ಹೊರಟಿತು, 10.57ಕ್ಕೆ ಕಂಪನಿ ಅದನ್ನು ಹಿಂಪಡೆಯಿತು. ಕೇವಲ 78 ನಿಮಿಷ. ಆದರೆ ಕೆಟ್ಟ ಯಂತ್ರಗಳು ಪೂರ್ತಿ ಬೂಟ್ ಆಗುತ್ತಲೇ ಇರಲಿಲ್ಲವಾದ್ದರಿಂದ, ಸರಿಪಡಿಸಿದ ಅಪ್‌ಡೇಟ್ ಬಹುಪಾಲು ಯಂತ್ರಗಳಿಗೆ ತಾನಾಗಿ ತಲುಪುವಂತಿರಲಿಲ್ಲ.

ಕಾರಣವೇನು ಗೊತ್ತೇ? ಹೊಸ ಫೈಲ್ 21ನೇ ಮಾಹಿತಿಯನ್ನು ನಿರೀಕ್ಷಿಸುತ್ತಿತ್ತು, ಪ್ರೋಗ್ರಾಂ ಕೊಡುತ್ತಿದ್ದುದು 20 ಮಾತ್ರ. ಇಲ್ಲದ ಜಾಗಕ್ಕೆ ಕೈಹಾಕಿ ಸಿಸ್ಟಂ ಬಿದ್ದಿತು. ಮೊದಲ ವರ್ಷದ ಸಿ ಲ್ಯಾಬ್‌ನಲ್ಲಿ ಅರೇಯ ಮಿತಿ ದಾಟಿ ಬೈಸಿಕೊಂಡಿರುತ್ತೇವಲ್ಲ, ಅದೇ ಜಾತಿಯ ತಪ್ಪು.

ನನಗೆ ಮುಖ್ಯವೆನಿಸಿದ್ದು ಪರಿಹಾರ. ಅಷ್ಟು ದೊಡ್ಡ ಅನಾಹುತಕ್ಕೂ ಕಂಪನಿ ಹೇಳಿದ ಮದ್ದು ಫಾರ್ಮ್ಯಾಟ್ ಅಲ್ಲ. ಸೇಫ್ ಮೋಡ್‌ನಲ್ಲಿ ತೆರೆಯಿರಿ, ಇಂಥ ಫೋಲ್ಡರ್‌ಗೆ ಹೋಗಿ, 291ನೇ ಸಂಖ್ಯೆಯ ಆ ಒಂದು ಫೈಲ್ ಅಳಿಸಿ, ಮತ್ತೆ ಸ್ಟಾರ್ಟ್ ಮಾಡಿ. ಅಷ್ಟೇ. 'ಕೊನೆಗೆ ಬದಲಾದದ್ದು ಯಾವುದು?' ಎಂದು ಕೇಳಿಕೊಂಡು, ಅದೊಂದನ್ನೇ ಹಿಂದಕ್ಕೆ ತಿರುಗಿಸಿದ್ದರು. ನಾನು ನಮ್ಮೂರ ಅಂಗಡಿಯಲ್ಲಿ ಕೇಳಬೇಕಿದ್ದ ಪ್ರಶ್ನೆಯೂ ಅದೇ.

ಹಾಗಾದರೆ ಅಪ್‌ಡೇಟ್ ಆಫ್ ಮಾಡಿಟ್ಟರೆ ಗೋಳೇ ಇಲ್ಲವಲ್ಲ ಎನ್ನುವ ಗೆಳೆಯರಿದ್ದಾರೆ. ಅವರಿಗೆ 2017ರ ವಾನಾಕ್ರೈ ನೆನಪಿಸಬೇಕು. ಅದು ನುಸುಳಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ದಾಳಿ ನಡೆದದ್ದು ಮೇ 12ರಂದು. ಎರಡು ತಿಂಗಳು ಅಪ್‌ಡೇಟ್ ಹಾಕದೆ ಕುಳಿತವರ ಫೈಲ್‌ಗಳಿಗೆ ಬೀಗ ಬಿತ್ತು. ಬಾಗಿಲು ಕಿರುಗುಟ್ಟುತ್ತದೆಂದು ಬಾಗಿಲನ್ನೇ ತೆಗೆದಿಡಲಾಗದು.

ಈಗ ನಾನು ಪಾಲಿಸುವ ಕ್ರಮ ಸರಳ. ಮೊದಲು ಫೈಲ್‌ಗಳ ಪ್ರತಿ, ಆಮೇಲೆ ರಿಪೇರಿ. ಕಂಪ್ಯೂಟರ್ ತೆರೆಯದಿದ್ದರೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿಯಾದರೂ ಸಾಮಾನ್ಯವಾಗಿ ಕಾಪಿ ಮಾಡಿಕೊಳ್ಳಬಹುದು. ಎರಡನೆಯದು, ಪರದೆ ಮೇಲಿನ ಎರರ್ ಸಂದೇಶವನ್ನು ಮುಚ್ಚುವ ಮೊದಲು ಓದುವುದು, ಫೋಟೊ ತೆಗೆದಿಡುವುದು. ಮೂರನೆಯದು, ಅಪ್‌ಡೇಟ್ ಹಿಸ್ಟರಿಯಲ್ಲಿ ತೊಂದರೆ ಶುರುವಾದ ದಿನ ಏನೇನು ಬಂತು ಎಂದು ನೋಡುವುದು. ಸೌಂಡ್, ವೈಫೈ, ಪ್ರಿಂಟರ್ ಮಾತ್ರ ಕೈಕೊಟ್ಟಿದ್ದರೆ ಡಿವೈಸ್ ಮ್ಯಾನೇಜರ್‌ನ 'ರೋಲ್ ಬ್ಯಾಕ್ ಡ್ರೈವರ್' ಸಾಕಾಗಬಹುದು. ಇಡೀ ಸಿಸ್ಟಂ ಎಡವುತ್ತಿದ್ದರೆ ಆ ಒಂದು ಅಪ್‌ಡೇಟನ್ನು ಅನ್‌ಇನ್‌ಸ್ಟಾಲ್ ಮಾಡಬಹುದು. ವಿಂಡೋಸ್‌ನ ಹೊಸ ಆವೃತ್ತಿಯೇ ಬಂದು ಕೂತಿದ್ದರೆ ಸಾಮಾನ್ಯವಾಗಿ ಹತ್ತು ದಿನದೊಳಗೆ 'ಗೋ ಬ್ಯಾಕ್' ಅವಕಾಶ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನು ನೋಟ್‌ಬುಕ್‌ನಲ್ಲಿ ಬರೆಯಬೇಕು. ನಾಲ್ಕನ್ನು ಒಟ್ಟಿಗೆ ಮಾಡಿ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ತಿಳಿಯದು, ಕೆಟ್ಟರಂತೂ ಕೇಳಲೇಬೇಡಿ.

ಇನ್ನೆರಡು ಮಾತು. ಕೆಲವು ಲ್ಯಾಪ್‌ಟಾಪ್‌ಗಳು ಅಪ್‌ಡೇಟ್ ನಂತರ ಇದ್ದಕ್ಕಿದ್ದಂತೆ ಬಿಟ್‌ಲಾಕರ್‌ನ 48 ಅಂಕಿಗಳ ಕೀ ಕೇಳುತ್ತವೆ. ನಿಮ್ಮದು ಎಲ್ಲಿದೆ ಎಂದು ಇವತ್ತೇ ಹುಡುಕಿ ಬರೆದಿಡಿ. ಮತ್ತೆ, ಮೈಕ್ರೋಸಾಫ್ಟ್‌ನ ತಿಂಗಳ ಅಪ್‌ಡೇಟ್ ಬರುವುದು ಎರಡನೇ ಮಂಗಳವಾರ, ನಮ್ಮಲ್ಲಿ ಆಗ ರಾತ್ರಿ. ಆ ವಾರ ಆನ್‌ಲೈನ್ ಟೆಸ್ಟ್ ಅಥವಾ ಸಂದರ್ಶನ ಇದ್ದರೆ ಒಂದು ವಾರ 'ಪಾಸ್' ಒತ್ತಿ, ಮುಗಿದ ಮೇಲೆ ಮರೆಯದೆ ಹಾಕಿಕೊಳ್ಳಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಕರೆಂಟ್ ನಂಬಿ ಡೆಸ್ಕ್‌ಟಾಪ್‌ಗೆ ಅಪ್‌ಡೇಟ್ ಹಾಕುವ ಸಾಹಸ ಬೇಡ. ಅರ್ಧಕ್ಕೆ ನಿಂತ ಅಪ್‌ಡೇಟ್ ಮತ್ತೊಂದು ತಲೆನೋವು.

ಇಷ್ಟನ್ನು ಕಲಿಯಲು ನನಗೆ ಒಬ್ಬರ ಆರು ವರ್ಷದ ದುಡಿಮೆ ಬಲಿಯಾಗಬೇಕಾಯಿತು ಎಂಬುದೇ ಬೇಸರ. ನಮ್ಮ ಲ್ಯಾಬ್‌ಗಳಲ್ಲಿ ಎಲ್ಲವೂ ಸರಿಯಿರುವ ಯಂತ್ರ ಕೊಟ್ಟು ಔಟ್‌ಪುಟ್ ಬಂದರೆ ಅಂಕ ಕೊಡುತ್ತಾರೆ. ಕೆಟ್ಟ ಯಂತ್ರ ಮುಂದಿಟ್ಟು 'ಏನಾಗಿದೆ, ಹೇಗೆ ಪತ್ತೆಹಚ್ಚಿದೆ ಬರಿ' ಎಂದು ಕೇಳುವ ಒಂದೇ ಒಂದು ಪ್ರಯೋಗ ಸೆಮಿಸ್ಟರ್‌ಗೆ ಇದ್ದರೂ ಸಾಕು. ಸಪೋರ್ಟ್, ಟೆಸ್ಟಿಂಗ್, ನೆಟ್‌ವರ್ಕ್, ಯಾವ ಕೆಲಸಕ್ಕೆ ಸೇರಿದರೂ ನಮ್ಮ ಕೈಗೆ ಮೊದಲು ಬರುವುದು ಬೇರೆ ಯಾರೋ ಬರೆದ, ನಿನ್ನೆಯವರೆಗೆ ಸರಿಯಿದ್ದು ಇವತ್ತು ಕೆಟ್ಟಿರುವ ವ್ಯವಸ್ಥೆಯೇ ತಾನೆ?

ಆಮೇಲಿನ ಎರಡು ಭಾನುವಾರ ನಾನು ಆ ಅಂಗಡಿಯಲ್ಲೇ ಇದ್ದೆ. ಗಿರಾಕಿಗಳು ಮನೆಯಲ್ಲಿಟ್ಟುಕೊಂಡಿದ್ದ ಹಳೆಯ ಲಗ್ನಪತ್ರಿಕೆಗಳನ್ನು ಅಣ್ಣ ಕೇಳಿ ತಂದಿದ್ದರು. ಅವರು ಓದಿದರು, ನಾನು ಟೈಪ್ ಮಾಡಿದೆ. ಹದಿನೇಳು ಮಾದರಿಗಳು ಮರಳಿ ಬಂದವು. ಪ್ರತಿ ಶನಿವಾರ ಪೆನ್‌ಡ್ರೈವ್‌ಗೆ ಕಾಪಿ ಮಾಡುವುದನ್ನು ಅವರೀಗ ಮರೆಯುವುದಿಲ್ಲ.

ಮೊನ್ನೆ ಹೋದಾಗ ಮತ್ತೆ ಕರೆದರು. 'ಅಪ್‌ಡೇಟ್ ಆದಮೇಲೆ ಸೌಂಡ್ ಬರ್ತಿಲ್ಲ, ನೋಡ್ತೀಯಾ?' ಇನ್ನೂ ನನ್ನನ್ನೇ ಕರೆಯುತ್ತಾರಲ್ಲ ಎಂದು ಗಂಟಲು ಕಟ್ಟಿತು. ಕೀಬೋರ್ಡ್ ಮುಟ್ಟುವ ಮೊದಲು ಕೇಳಿದೆ: 'ನಿನ್ನೆಗೂ ಇವತ್ತಿಗೂ ಏನು ಬದಲಾಗಿದೆ ಅಣ್ಣ?'