ಬೀಗದೊಳಗಿನ ವೈದ್ಯಶಾಸ್ತ್ರ

ಬಂಡೀಪುರದ ಅಂಚಿನ ಗುಂಡ್ಲುಪೇಟೆ ಸೀಮೆಯಲ್ಲಿ ಅರಿಸಿನ ಬೆಳೆಯುವ ರೈತನಿಗೆ, ಗಾಯಕ್ಕೆ ಅದನ್ನು ಹಚ್ಚಬೇಕೆಂದು ಯಾರೂ ಕಲಿಸಬೇಕಾಗಿಲ್ಲ. ಆದರೂ 1995ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿಯು ಆ ಗುಣವನ್ನೇ ಹೊಸ ಶೋಧವೆಂದು ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟಿತು. 1997ರಲ್ಲಿ ಅದು ರದ್ದಾದದ್ದು ಕೂಗಾಟದಿಂದಲ್ಲ. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಸಂಸ್ಕೃತ ಗ್ರಂಥದ ಆಧಾರವನ್ನೂ 1953ರ ವೈದ್ಯಪತ್ರಿಕೆಯೊಂದರ ಲೇಖನವನ್ನೂ ಮುಂದಿಟ್ಟದ್ದರಿಂದ. ಅಲ್ಲಿ ನಡೆದದ್ದು ಬರಹದ ಸಾಕ್ಷಿಯೇ ಹೊರತು ಅಜ್ಜಿಯ ಮಾತಲ್ಲ.

ಹೀಗಿರುವಾಗ ಬಸದಿಗಳ ಭಂಡಾರದಲ್ಲಿ ವೈದ್ಯದ ಓಲೆಗರಿಗಳಿಗೆ ಬೀಗವೇಕೆ? ಹದಿನಾಲ್ಕನೆಯ ಶತಮಾನದ ಜೈನಕವಿ ಮಂಗರಾಜನ 'ಖಗೇಂದ್ರಮಣಿದರ್ಪಣ'ವು ಅಚ್ಚಾದುದರಿಂದಲೇ ವಿದ್ವಾಂಸರ ಕೈಗೆಟುಕಿತು. ಎಷ್ಟೋ ಕಟ್ಟುಗಳು ಶ್ರುತಪಂಚಮಿಯಂದು ಹೊರಬಂದು, ಪೂಜೆಗೊಂಡು, ಮರಳಿ ಪೆಟ್ಟಿಗೆ ಸೇರುತ್ತವೆ. (ಗೆದ್ದಲು ಮಾತ್ರ ಯಾರ ಅಪ್ಪಣೆಗೂ ಕಾಯುವುದಿಲ್ಲ.)

ತೆರೆದರೆ ಪರದೇಶದವರು ಕದಿಯುವರೆಂಬುದು ಕೆಲವು ಧರ್ಮದರ್ಶಿಗಳ ವಾದ. ಲೆಕ್ಕವೇ ತಲೆಕೆಳಗಾಗಿದೆ. ಪ್ರಕಟವಾದುದನ್ನು ಹೊಸತೆಂದು ಹೇಳಿಕೊಳ್ಳುವುದು ಕಷ್ಟ. ಬಚ್ಚಿಟ್ಟುದನ್ನು ಹಾಗೆ ಹೇಳಿಕೊಳ್ಳುವುದು ಸುಲಭ. ಜ್ಞಾನವನ್ನು ಮರೆಮಾಚುವ 'ನಿಹ್ನವ'ವನ್ನು ತತ್ತ್ವಾರ್ಥಸೂತ್ರವು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣವೆಂದು ಎಣಿಸಿದೆ. ಟ್ರಸ್ಟುಗಳಿಗೆ ಅದರಿಂದ ವಿನಾಯಿತಿಯಿಲ್ಲ. ಮುಂದಿನ ಶ್ರುತಪಂಚಮಿಗೆ ಪ್ರತಿಯೊಂದು ಭಂಡಾರವೂ ತನ್ನಲ್ಲಿರುವ ವೈದ್ಯಗ್ರಂಥಗಳ ಪಟ್ಟಿಯನ್ನಾದರೂ ಅಚ್ಚು ಹಾಕಿಸಲಿ.