ನಕ್ಷೆಯ ತಂತ್ರಾಂಶವನ್ನೂ ಹೂಡಿ ನೋಡಬೇಕು

ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನೀವು ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಡೆಸಿ ನೋಡುತ್ತೀರಿ. ನಿಮ್ಮ ಹೊಲದ ಹದ್ದು ಬರೆಯುವ ಗಣಕಯಂತ್ರದ ತಂತ್ರಾಂಶವನ್ನೂ ಹಾಗೆಯೇ ಪರೀಕ್ಷಿಸಿ ತರಬೇಕೆಂಬುದು ನನ್ನ ಅಭಿಪ್ರಾಯ.

ಪಹಣಿ ‘ಭೂಮಿ’ ಯೋಜನೆಯಿಂದ ಎಂದೋ ಗಣಕಯಂತ್ರ ಸೇರಿತು. ನಕ್ಷೆಗಳೂ ಸೇರುತ್ತಿವೆ. ನಕ್ಷೆ ಬರೆಯುವ ತಂತ್ರಾಂಶಗಳಲ್ಲಿ ಎರಡು ಬಗೆ. ಒಂದು, ಕಂಪನಿಗೆ ಲೈಸೆನ್ಸ್ ಹಣ ಕಟ್ಟಿ ಪಡೆಯುವಂಥದು. ಇನ್ನೊಂದು ಮುಕ್ತ ತಂತ್ರಾಂಶ. ಇದಕ್ಕೆ ಲೈಸೆನ್ಸ್ ಹಣವಿಲ್ಲ, ಒಳಗಿನ ಬರವಣಿಗೆಯನ್ನು ಬಲ್ಲವರು ನೋಡಿ ತಿದ್ದಬಹುದು. 2002ರಲ್ಲಿ ಆರಂಭವಾದ ಕ್ಯೂಜಿಐಎಸ್ ಇಂಥದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಭೂದಾಖಲೆ ಕಚೇರಿಗಳಿಗೆಂದೇ ‘ಸೋಲಾ’ ಎಂಬ ಮುಕ್ತ ತಂತ್ರಾಂಶ ಮಾಡಿಸಿ ನೇಪಾಳ, ಘಾನಾ, ಸಮೋವಾ ದೇಶಗಳಲ್ಲಿ ಪ್ರಯೋಗಿಸಿತು. ಸರ್ಕಾರಿ ಕೆಲಸಕ್ಕೆ ಮುಕ್ತ ತಂತ್ರಾಂಶವನ್ನು ಮೊದಲು ಪರಿಗಣಿಸಬೇಕೆಂದು ಕೇಂದ್ರ ಸರ್ಕಾರದ 2015ರ ನೀತಿಯೂ ಹೇಳುತ್ತದೆ.

ಹಾಗೆಂದು ಪುಕ್ಕಟೆ ಎಂದು ಕಣ್ಣು ಮುಚ್ಚಿ ತರಬಾರದು. ನಮ್ಮ ಹಳೆ ಮೈಸೂರು, ಮುಂಬಯಿ ಕರ್ನಾಟಕದ ಸೀಮೆಗಳ ಟಿಪ್ಪಣಿಗಳಲ್ಲಿ ಅಳತೆ ಇರುವುದು ಸರಪಳಿ, ಆಣೆಗಳಲ್ಲಿ. ಸರಪಳಿ ಎಂದರೆ 33 ಅಡಿ, ಅದರಲ್ಲಿ 16 ಆಣೆ. ಸರಪಳಿಗೆ ಸರಪಳಿ ಚೌಕವಾದರೆ ಒಂದು ಗುಂಟೆ. ಆದರೆ ಇಂಗ್ಲಿಷರ ಗಂಟರ್ ಸರಪಳಿ 66 ಅಡಿ. ತಂತ್ರಾಂಶಗಳಲ್ಲಿ ‘ಚೈನ್’ ಎಂದಿದ್ದರೆ ಸಾಮಾನ್ಯವಾಗಿ ಅದೇ. ಗುಮಾಸ್ತ ಅದನ್ನೇ ಆರಿಸಿ ಅಂಕಿ ತುಂಬಿದರೆ ಒಂದು ಗುಂಟೆ ನಾಲ್ಕು ಗುಂಟೆಯಾಗುತ್ತದೆ! ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬಿದ್ದೀತು. ಆದರೆ ಆಣೆಗೆ ಎರಡು ಅಡಿ ಮುಕ್ಕಾಲು ಅಂಗುಲ ಎಂಬುದನ್ನು ಮರೆತು ಎರಡೇ ಅಡಿ ಹಿಡಿದರೆ, ಎಂಟು ಆಣೆಗೆ ಅರ್ಧ ಅಡಿ ಹೋಗುತ್ತದೆ. ಅಣ್ಣತಮ್ಮಂದಿರು ಕೋರ್ಟು ಹತ್ತಲು ಅಷ್ಟು ಸಾಕು.

ಆದ್ದರಿಂದ ಒಂದೇ ಊರಿನ ಟಿಪ್ಪಣಿಗಳನ್ನು ಎರಡೂ ಬಗೆಯ ತಂತ್ರಾಂಶಕ್ಕೆ ತುಂಬಿ, ಬಂದ ಗುಂಟೆಯನ್ನು ಆಕಾರಬಂದಿನೊಡನೆ ತಾಳೆ ನೋಡಲಿ. ಕನ್ನಡದ ಒತ್ತಕ್ಷರ ಸರಿಯಾಗಿ ಮುದ್ರಣವಾಗುವುದೇ, ನೆಟ್ ಇಲ್ಲದಾಗ ಕೆಲಸ ಸಾಗುವುದೇ ನೋಡಲಿ. ಎಲ್ಲಕ್ಕಿಂತ ಮುಖ್ಯ, ಒಂದರಲ್ಲಿ ಬರೆದ ನಕ್ಷೆ ಇನ್ನೊಂದರಲ್ಲಿ ತೆರೆಯಬೇಕು. ನಾನು ಕಂಡ ಕಚೇರಿಯೊಂದರಲ್ಲಿ ಲೈಸೆನ್ಸ್ ಅವಧಿ ಮುಗಿದು ನಕ್ಷೆಗಳು ಪೆಟ್ಟಿಗೆಯೊಳಗೇ ಉಳಿದವು. ಪೋಡಿಗೆ ಬಂದವರು ಬಿತ್ತನೆ ಬಿಟ್ಟು ಅಲೆದರು.

ಮುಕ್ತ ತಂತ್ರಾಂಶಕ್ಕೂ ಖರ್ಚಿದೆ. ಕೆಟ್ಟಾಗ ಓಡಿ ಬರುವ ಕಂಪನಿಯ ಆಳು ಇರುವುದಿಲ್ಲ. ತಾಲ್ಲೂಕಿಗೆ ಇಬ್ಬರನ್ನಾದರೂ ತರಬೇತು ಮಾಡಿ, ವರ್ಗ ಮಾಡದೆ ಉಳಿಸಿಕೊಳ್ಳಬೇಕು. ಲೈಸೆನ್ಸಿಗೆ ಹೋಗುವ ಹಣ ಇದಕ್ಕೆ ಹೋದರೆ ನನಗೆ ಸಂತೋಷವೇ.

ನಿಮ್ಮ ಹೊಲದ ಟಿಪ್ಪಣಿಯ ನಕಲನ್ನು ಅರ್ಜಿ ಕೊಟ್ಟು ಪಡೆಯಿರಿ. ಹೊಸ ನಕ್ಷೆ ಕೈಗೆ ಬಂದ ದಿನ ಎರಡನ್ನೂ ಪಕ್ಕದಲ್ಲಿಟ್ಟು ಆಣೆ ಲೆಕ್ಕ ಹಾಕಿರಿ.