ನಡುನೋವಿಗೆ ಎಣ್ಣೆ ಹಚ್ಚುವ ಮುನ್ನ

ನಡುನೋವಿಗೆ ಶಸ್ತ್ರಕ್ರಿಯೆ ಲೇಸೋ ಪಂಚಕರ್ಮ ಲೇಸೋ ಎಂದು ಕೇಳಿಕೊಂಡು ಬರುವವರೇ ಹೆಚ್ಚು. ನೋವು ಯಾವ ಬಗೆಯದು, ಎಷ್ಟು ದಿನದ್ದು ಎಂಬುದು ತಿಳಿಯದೆ ಈ ಪ್ರಶ್ನೆಗೆ ಉತ್ತರವಿಲ್ಲ.

ಜೋಳ ಕೀಳುವಾಗಲೋ ಕೊಡ ಎತ್ತುವಾಗಲೋ ಹಠಾತ್ತನೆ ಹಿಡಿದ ನಡು ಬಹುಮಟ್ಟಿಗೆ ನಾಲ್ಕಾರು ವಾರಗಳಲ್ಲಿ ತಾನಾಗಿಯೇ ಸಡಿಲಗೊಳ್ಳುತ್ತದೆ. ಇದಕ್ಕೆ ಎಂ.ಆರ್.ಐ. ಆತುರ ಬೇಡ. 40 ದಾಟಿದ, ಯಾವ ನೋವೂ ಇಲ್ಲದವರ ಬೆನ್ನನ್ನು ಪರೀಕ್ಷಿಸಿದರೂ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಡಿಸ್ಕ್ ಸವೆತ ಕಾಣುತ್ತದೆ. ವರದಿಯ ಆ ಒಂದು ಸಾಲು ಎಷ್ಟೋ ಗಟ್ಟಿಮುಟ್ಟಾದ ಗೃಹಸ್ಥರನ್ನು ಮಂಚ ಹಿಡಿಸಿದೆ. ವಾರಗಟ್ಟಲೆ ಮಲಗಿದರೆ ಸ್ನಾಯುಗಳು ಸೊರಗುತ್ತವೆ. ಭಾರ ಎತ್ತುವುದನ್ನು ಬಿಟ್ಟು, ಸಹಿಸುವಷ್ಟು ನಡೆದಾಡುತ್ತ ದಿನದ ಕಾಯಕವನ್ನು ಮುಂದುವರಿಸುವುದೇ ಹಿತ.

ಇನ್ನು ನಮ್ಮವರ ವಿಷಯ. ಕಟಿಬಸ್ತಿ, ಏಳು ದಿನಕ್ಕೆ ಇಷ್ಟು ಎಂಬ ಫಲಕಗಳು ಈಗ ಊರೂರಲ್ಲಿ ತೂಗುತ್ತಿವೆ. ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬಿಸಿ ಎಣ್ಣೆ ನಿಲ್ಲಿಸುವುದನ್ನು ಯಾರೂ ಕಲಿಯಬಹುದು. ಯಾರಿಗೆ ನಿಲ್ಲಿಸಬಾರದು ಎಂಬುದೇ ವೈದ್ಯವಿದ್ಯೆ. ಮೈ ಭಾರ, ಹಸಿವಿಲ್ಲ, ನಾಲಿಗೆಯ ಮೇಲೆ ಬಿಳಿ ಲೇಪ, ನಡು ಬಿಗಿದಂತಿದೆ ಎಂದರೆ ಅಲ್ಲಿ ಆಮವಿದೆ. ಆಗ ಎಣ್ಣೆ ನೋವನ್ನು ಬೆಳೆಸುತ್ತದೆ. ಲಘು ಆಹಾರ, ಶುಂಠಿಯ ಕಷಾಯ, ಮರಳಿನ ಒಣ ಕಾವು ಮೊದಲು. ಶರೀರ ಹಗುರಾಗಿ ಹಸಿವು ಮರಳಿದ ಮೇಲೆ ಎಣ್ಣೆ, ಬಸ್ತಿ. ಚರಕಸಂಹಿತೆ ಗೃಧ್ರಸಿಯನ್ನು ವಾತಜ, ವಾತಕಫಜ ಎಂದು ವಿಂಗಡಿಸಿದ್ದು ಸುಮ್ಮನೆ ಅಲ್ಲ. (ಯುವಕರಲ್ಲಿ ಬೆಳಗಿನ ಬಿಗಿತ ತಿಂಗಳುಗಟ್ಟಲೆ ಉಳಿದು, ಓಡಾಡಿದಂತೆ ಇಳಿಯುತ್ತಿದ್ದರೆ ಸಂಧಿವಾತ ತಜ್ಞರಿಗೂ ತೋರಿಸಬೇಕು.)

ಮೂರು ತಿಂಗಳು ಮೀರಿದ ನೋವಿಗೆ ವ್ಯಾಯಾಮವೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯೂ ವ್ಯಾಯಾಮ, ಅಂಗಮರ್ದನಗಳನ್ನು ಒಪ್ಪಿ, ನಡುಪಟ್ಟಿ ಮತ್ತು ಎಳೆತದ ಚಿಕಿತ್ಸೆಯನ್ನು ಬೇಡವೆಂದಿದೆ. ಪಟ್ಟಿ ಬಿಗಿದುಕೊಂಡೇ ಪೂಜೆಗೆ ಕೂರುವವರು ಇದನ್ನು ಗಮನಿಸಬೇಕು.

ಜ್ವರ, ತೂಕದ ಇಳಿಕೆ, ಮಲಗಿದರೂ ಬಿಡದ ರಾತ್ರಿಯ ನೋವು ಇದ್ದರೆ ಬೆನ್ನೆಲುಬಿನ ಕ್ಷಯವನ್ನು, ಗಡ್ಡೆಯನ್ನು ಶಂಕಿಸಿ ಪರೀಕ್ಷಿಸಲೇಬೇಕು. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕೂರುವ ಭಾಗ ಜೋಮು ಹಿಡಿದರೆ, ಪಾದ ಎಳೆದು ನಡೆಯುವಂತಾದರೆ ಅದೇ ದಿನ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೋಗಬೇಕು. ಇಂಥವರನ್ನು ಎಣ್ಣೆಯ ಮಂಚದ ಮೇಲೆ ಮಲಗಿಸಿ ಒಂದು ವಾರ ಕಳೆದರೆ, ಹೋದ ಶಕ್ತಿ ಶಸ್ತ್ರಕ್ರಿಯೆಯಿಂದಲೂ ಮರಳದೆ ಹೋಗಬಹುದು.